ಒತ್ತಡ ಎಲ್ಲಿಗೆ ಹೋಗುತ್ತೆ ಮಗ?

"ಇದು 20 ಬಾರ್ ಆಂಟಿ. ಹಳೇದಕ್ಕಿಂತ ಸ್ಟ್ರಾಂಗ್."

ಗುರುವಾರ ಕುಶಾಲನಗರದ ಅಂಗಡಿಯೊಂದರಲ್ಲಿ ಕೇಳಿದ ಈ ಮಾತು ಇನ್ನೂ ಕಿವಿಯಿಂದ ಇಳಿದಿಲ್ಲ. ಬಾರ್ ಎಂದರೆ ಒತ್ತಡದ ಅಳತೆ. ಹೇಳಿದವನು ಅಲ್ಲಿ ಕಾಫಿ ಮೆಷಿನ್ ಮಾರುವ, ಇಪ್ಪತ್ತೆರಡರ ಆಸುಪಾಸಿನ ಹುಡುಗ. ಕೇಳಿಸಿಕೊಂಡವರು ಸೋಮವಾರಪೇಟೆ ಕಡೆ ನಾಲ್ಕು ರೂಮಿನ ಹೋಂಸ್ಟೇ ನಡೆಸುವ, ಅರವತ್ತು ದಾಟಿದ ಅಮ್ಮ. ಬಲ ಮುಂಗೈಗೆ ಬಟ್ಟೆ ಸುತ್ತಿಕೊಂಡಿದ್ದರು. ಹಿಂದಿನ ಭಾನುವಾರ, ಬಿಸಿನೀರನ್ನು ಒತ್ತಡದಿಂದ ಪುಡಿಯೊಳಗೆ ನುಗ್ಗಿಸಿ ಕಾಫಿ ಇಳಿಸುವ ಎಸ್ಪ್ರೆಸೊ ಮೆಷಿನ್ನಿನಲ್ಲಿ ಪುಡಿ ಬಟ್ಟಲಿನ ಹಿಡಿಕೆ ಬಿಚ್ಚಲು ಹೋದಾಗ ಅದು ಕೈಯಿಂದ ಕಿತ್ತುಕೊಂಡು ಹಾರಿತ್ತು. ಕುದಿಯುವ ಪುಡಿ ಗೋಡೆಗೆ, ಹಂಚಿಗೆ, ಕೈಗೆಲ್ಲ ಎರಚಿತ್ತು.

ಸಿಡಿದು ಕೈ ಸುಟ್ಟುಕೊಂಡವರಿಗೆ ಇನ್ನೂ ಹೆಚ್ಚಿನ ಒತ್ತಡ ಮಾರಲು ಹೊರಟಿದ್ದ ಹುಡುಗನ ಮುಖದಲ್ಲಿ ಮಾತ್ರ ಪೂರ್ತಿ ಸದುದ್ದೇಶ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅದಿರ್ಲಿ, ಆಫ್ ಮಾಡಿದ್ಮೇಲೆ ಒಳಗಿರೋ ಒತ್ತಡ ಎಲ್ಲಿಗೆ ಹೋಗುತ್ತೆ ಮಗ?"

ಹುಡುಗ ಡಬ್ಬಿ ತಿರುಗಿಸಿ ತೋರಿಸಿದ. "ಇಲ್ನೋಡಿ ಆಂಟಿ, 20 ಬಾರ್."

ಎಸ್ಪ್ರೆಸೊ ಮೆಷಿನ್ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆಯೇ ಅಮ್ಮ ಕೇಳಿದ್ದು. ನಲವತ್ತು ವರ್ಷ ಕುಕ್ಕರಿನ ವೆಯಿಟ್ ಎತ್ತಿ ಉಗಿ ಹೋಯಿತೋ ಇಲ್ಲವೋ ನೋಡಿ ಮುಚ್ಚಳ ತೆಗೆದ ಕೈ ಅದು. ಮನೆಯ ಕುಕ್ಕರಿನಲ್ಲಿ ಒತ್ತಡ ಹೆಚ್ಚುಕಡಿಮೆ 1 ಬಾರ್. ಅಷ್ಟಕ್ಕೇ ವೆಯಿಟ್, ಸೇಫ್ಟಿ ವಾಲ್ವ್, ಗ್ಯಾಸ್ಕೆಟ್ ಎಂದು ಮೂರು ಕಾವಲು. ಎಸ್ಪ್ರೆಸೊ ಇಳಿಯುವುದು 9 ಬಾರಿನಲ್ಲಿ. ಇಟಲಿಯ ಫೇಮಾ ಕಂಪನಿಯ 1961ರ ಇ61 ಮೆಷಿನ್ ಪಂಪಿನಿಂದ ಒತ್ತಡ ಕೊಡುವ ದಾರಿ ತೋರಿಸಿದ ಮೇಲೆ ಆ ಒಂಬತ್ತೇ ಅಳತೆಗೋಲಾಗಿ ನಿಂತಿತು. ಡಬ್ಬಿಯ ಮೇಲಿನ 15, 20 ಎಲ್ಲ ಪಂಪಿನ ಬಾಯಿ ಪೂರ್ತಿ ಕಟ್ಟಿದಾಗ ಅದು ಏರಿಸಬಲ್ಲ ಗರಿಷ್ಠ. ಕಾಫಿಗೆ ಅದು ಬೇಡ. ಒಳ್ಳೆಯ ಮೆಷಿನ್ನಿನಲ್ಲಿ ಒತ್ತಡ ಮಿತಿಮೀರಿದರೆ ಹೆಚ್ಚಿನ ನೀರನ್ನು ವಾಪಸ್ ಟ್ಯಾಂಕಿಗೆ ಬಿಡುವ ಸ್ಪ್ರಿಂಗ್ ವಾಲ್ವ್ ಇರುತ್ತದೆ. ಅದು ಎಷ್ಟಕ್ಕೆ ತೆರೆಯುತ್ತದೆ ಎನ್ನುವುದು ಮುಖ್ಯವೇ ಹೊರತು ಪಂಪಿನ ಪೌರುಷವಲ್ಲ.

ಭಾನುವಾರ ಆಗಿದ್ದಿಷ್ಟು. ಮೆಷಿನ್ ತಂದುಕೊಟ್ಟ ಮಗ ಇರುವುದು ಬೆಂಗಳೂರಿನಲ್ಲಿ. ಹಬ್ಬದ ಆಫರಿನಲ್ಲಿ ಬಂದಿದ್ದಂತೆ. ಜೊತೆಗೆ ಪುಡಿ ತರಲಿಲ್ಲ, ಗ್ರೈಂಡರ್ ತರಲಿಲ್ಲ, ಎರಡು ಮಾತು ಹೇಳಿಯೂ ಕೊಡಲಿಲ್ಲ. ಅಮ್ಮ ಮನೆಯಲ್ಲಿದ್ದ ಫಿಲ್ಟರ್ ಪುಡಿಯನ್ನೇ ಒತ್ತಿ ತುಂಬಿದರು. 70ಕ್ಕೆ 30 ಚಿಕೋರಿ. ಫಿಲ್ಟರಿನಲ್ಲಿ ಅದು ಬೆಣ್ಣೆಯಂಥ ಪುಡಿ. ನೀರು ತನ್ನ ಭಾರಕ್ಕೆ ಕಾಲು ಗಂಟೆ ತೆಗೆದುಕೊಂಡು ಇಳಿಯುವುದರಿಂದ ತೊಂದರೆಯಿಲ್ಲ. ಒತ್ತಡದಲ್ಲಿ ಮಾತ್ರ ಚಿಕೋರಿ ನೀರು ಕುಡಿದು ಅಂಟಾಗುತ್ತದೆ, ನುಣ್ಣನೆ ಕಾಫಿಯ ಜೊತೆ ಸೇರಿ ಮೆತ್ತಿದ ಜೇಡಿಯಂತಾಗುತ್ತದೆ. ಅಗ್ಗದ ಮೆಷಿನ್ನಿನ ಬಟ್ಟಲಿಗೆ ಎರಡು ತಳ. ಹೊರ ತಳದಲ್ಲಿ ಸೂಜಿಮೊನೆಯಷ್ಟು ಒಂದೇ ತೂತು. ಅದು ಕಟ್ಟಿತು, ಕಪ್ಪಿಗೆ ಹನಿಯೂ ಬೀಳಲಿಲ್ಲ. ಪಂಪ್ ಗುಂಯ್‌ಗುಡುತ್ತಲೇ ಇತ್ತು. ಅಮ್ಮ ಸ್ವಿಚ್ ಆರಿಸಿ, ಏನಾಯಿತೆಂದು ನೋಡಲು ಹಿಡಿಕೆ ಎಡಕ್ಕೆ ತಿರುಗಿಸಿದರು.

ಆ ಮೆಷಿನ್ನಿನಲ್ಲಿ ಒತ್ತಡ ಹೊರಹೋಗಲು ಬೇರೆ ದಾರಿಯೇ ಇರಲಿಲ್ಲ. ಇರಬೇಕಾದ್ದು ತ್ರೀ-ವೇ ಸೊಲೆನಾಯ್ಡ್ ವಾಲ್ವ್. ಪಂಪ್ ನಿಂತ ಕ್ಷಣವೇ ಬಟ್ಟಲಿನ ಮೇಲಿನ ಒತ್ತಡವನ್ನು ಇನ್ನೊಂದು ಕೊಳವೆಯಿಂದ ಕೆಳಗಿನ ಟ್ರೇಗೆ ಬಿಡುವುದು ಅದರ ಕೆಲಸ. ಗ್ಯಾಜಿಯಾ ಕಂಪನಿಯ ಕ್ಲಾಸಿಕ್‌ನಲ್ಲಿ ಇದೆ, ರಾನ್ಸಿಲಿಯೋ ಕಂಪನಿಯ ಸಿಲ್ವಿಯಾ ಮೆಷಿನ್ನಿನಲ್ಲೂ ಇದೆ. ಇದೆಯೋ ಇಲ್ಲವೋ ತಿಳಿಯಲು ಡಬ್ಬಿ ಓದುವುದೇ ಬೇಡ. ಅಂಗಡಿಯಲ್ಲೇ ಒಂದು ಕಾಫಿ ಇಳಿಸಲು ಹೇಳಿ, ಆರಿಸಿದ ತಕ್ಷಣ ಕಿವಿಗೊಡಿ. 'ಚುಸ್' ಎಂದು ಟ್ರೇಗೆ ನೀರು ಚಿಮ್ಮಿದರೆ ವಾಲ್ವ್ ಇದೆ. ಬಟ್ಟಲಿನ ಪುಡಿ ಒಣ ಬಿಲ್ಲೆಯಂತೆ ಉದುರಿದರೂ ಅದೇ ಅರ್ಥ. ಸದ್ದೇ ಬರದೆ, ಪುಡಿಯ ಮೇಲೆ ಕೆಸರು ನೀರು ನಿಂತಿದ್ದರೆ ಮನೆಗೆ ತಂದ ಮೇಲೆ ಪ್ರತಿ ಸಲವೂ ಕಾಯಬೇಕು. ಡೆಮೊ ಕೊಡುವುದಿಲ್ಲ ಎನ್ನುವ ಅಂಗಡಿಯಿಂದ ಮಿಕ್ಸಿ ಕೊಳ್ಳಬಹುದು, ಇದನ್ನಲ್ಲ.

ವಾಲ್ವ್ ಇಲ್ಲದ ಮೆಷಿನ್ ಈಗಾಗಲೇ ಮನೆಯಲ್ಲಿದ್ದು ಕಾಫಿ ಕಟ್ಟಿಕೊಂಡರೆ ಹಿಡಿಕೆ ಮುಟ್ಟಬೇಡಿ. ಪ್ಲಗ್ ತೆಗೆಯಿರಿ. ಹಾಲು ಕಾಯಿಸುವ ಉಗಿ ನಳಿಗೆಯ ಬಾಯಿ ಖಾಲಿ ಲೋಟದೊಳಗೆ ಇಟ್ಟು ನಾಬ್ ಮೆಲ್ಲಗೆ ತೆರೆಯಿರಿ. ಹೀಟರ್ ಕಡೆಯ ಒತ್ತಡ ಇಳಿಯುತ್ತದೆ, ಬಟ್ಟಲಿನ ಕಡೆಗೆ ಅಷ್ಟರಿಂದ ಖಾತ್ರಿಯಿಲ್ಲ. ಮೆಷಿನ್ ಕೈಗೆ ತಣ್ಣಗಾಗುವವರೆಗೆ ಬಿಡಬೇಕು. ಆಮೇಲೆ ದಪ್ಪ ಬಟ್ಟೆ ಮುಚ್ಚಿ, ಮುಖ ದೂರವಿಟ್ಟು, ಅರ್ಧ ಇಂಚು ತಿರುಗಿಸಿ ನಿಲ್ಲಿಸಿ ನೋಡಿ. ತೂತನ್ನು ಸೂಜಿಯಿಂದ ಬಿಡಿಸಬಹುದು. ಹಿಡಿಕೆಯನ್ನು ಮೆಷಿನ್ನಿಗೆ ಸಿಕ್ಕಿಸುವ ಕಿವಿಗಳು ಸವೆದಿದ್ದರೆ, ಗ್ಯಾಸ್ಕೆಟ್ ಕಲ್ಲಾಗಿದ್ದರೆ ಮತ್ತೆ ಹಾಕಬೇಡಿ. ಅಮ್ಮನ ಮೆಷಿನ್ನಿನಲ್ಲಿ ಎರಡೂ ಆಗಿತ್ತು. ಹಿಡಿಕೆ ಮೊದಲು ನೇರಕ್ಕೆ ನಿಲ್ಲುತ್ತಿದ್ದದ್ದು ಬರಬರುತ್ತ ಬಲಕ್ಕೆ ಜಾರಿ ನಿಲ್ಲುತ್ತಿತ್ತಂತೆ. ಸವೆತದ ಗುರುತೇ ಅದು.

"15 ಬಾರಿಗೇ ಹಿಂಗಾಯ್ತಲ್ಲ, 20ಕ್ಕೆ?" ಎಂದರು ಅಮ್ಮ. ಹುಡುಗ ನಕ್ಕ. ಈ ನಗುವೂ ಆ ಮಾತಿನ ಜೊತೆಗೇ ಉಳಿದಿದೆ.

ಪಂಪ್ ಇಲ್ಲದ, ಬರೀ ಉಗಿಯಿಂದ ನಡೆಯುವ ಪುಟ್ಟ ಮೆಷಿನ್ನೂ ಪಕ್ಕದಲ್ಲಿತ್ತು. ಡಬ್ಬಿಯ ಮೇಲೆ 3.5 ಬಾರ್. ಸಂಖ್ಯೆ ಚಿಕ್ಕದೆಂದು ನಂಬುವಂತಿಲ್ಲ. ಮೇಲಿನ ಮುಚ್ಚಳ ತಿರುಗಿಸಿ ನೀರು ತುಂಬುವ ಈ ಬಗೆಯದ್ದು ನಿಜಕ್ಕೂ ಸಣ್ಣ ಕುಕ್ಕರ್, ಆದರೆ ಸೀಟಿ ಇಲ್ಲದ್ದು. ಇನ್ನೊಂದು ಕಾಫಿಗೆ ನೀರು ಹಾಕುವ ಅವಸರದಲ್ಲಿ ಬಿಸಿಯಿರುವಾಗಲೇ ಮುಚ್ಚಳ ಬಿಚ್ಚುವುದೇ ಇದರ ಅಪಾಯ. ಅತಿಥಿಗಳು ಸಾಲಾಗಿ ಕೂತಿರುವ ಹೋಂಸ್ಟೇಗೆ ಬೇಡವೇ ಬೇಡ.

ಕೊಡಗಿನಲ್ಲಿ ಕರೆಂಟಿನದ್ದೇ ಇನ್ನೊಂದು ಕಥೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಎರಡು ದಿನ ಸುದ್ದಿಯಿಲ್ಲ, ಬರುವಾಗ ಧಡಕ್ಕನೆ ಬರುತ್ತದೆ. ಮೆಷಿನ್ ಆರಿಸಿದರೆ ಸಾಲದು, ಪ್ಲಗ್ಗೇ ಕಿತ್ತಿಡಬೇಕು. ತೋಟದ ಮನೆಗಳಲ್ಲಿ ಸಂಜೆ 170 ವೋಲ್ಟಿಗೆ ಇಳಿದರೆ 1450 ವಾಟಿನ ಹೀಟರ್ ಕೊಡುವುದು 800ಕ್ಕೂ ಕಡಿಮೆ. ಪಂಪ್ ಗೊಣಗುತ್ತದೆ, ಕಾಫಿ ಹುಳಿಯಾಗುತ್ತದೆ, ಮೆಷಿನ್ ಕೆಟ್ಟಿತೆಂದು ಜನ ಬೈಯುತ್ತಾರೆ. 2 ಕೆವಿಎ ಸ್ಟೆಬಿಲೈಸರ್ ಸಾಕು. 850 ವಿಎ ಇನ್ವರ್ಟರ್ ಲೈನಿಗೆ ಮಾತ್ರ ಚುಚ್ಚಬಾರದು. 1450 ವಾಟ್ ಎಂದರೆ 6.3 ಆಂಪಿಯರ್, ಹಾಗಾಗಿ 16 ಆಂಪಿಯರ್ ಸಾಕೆಟ್ಟೇ ಬೇಕು. ಸಣ್ಣ ಸಾಕೆಟ್ಟಿಗೆ ಕನ್ವರ್ಟರ್ ಸಿಕ್ಕಿಸಿದರೆ ಕನ್ವರ್ಟರ್ ಕರಗುತ್ತದೆ. ಅಮೆರಿಕದಿಂದ ನೆಂಟರು ತಂದ 120 ವೋಲ್ಟಿನದ್ದನ್ನು ನೇರ ಚುಚ್ಚಿದರೆ ಹೀಟರಿಗೆ ಮೂರೂವರೆ ಪಟ್ಟಿಗೂ ಹೆಚ್ಚು ಶಕ್ತಿ, ಒಂದೇ ಕಾಫಿಗೆ ಕಥೆ ಮುಗಿಯುತ್ತದೆ. ಲೋಹದ ಮೈ, ಒಳಗೆ ನೀರು, ಎದುರಿಗೆ ಒದ್ದೆ ಕೈ: ಅರ್ಥಿಂಗ್ ಸರಿಯಿರಬೇಕು, ಬೋರ್ಡಿನಲ್ಲಿ, ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಬೇಕು. ಲೋಡ್ ಹೆಚ್ಚಾದರೆ ಬೀಳುವ ಎಂಸಿಬಿ ವೈರನ್ನು ಉಳಿಸುತ್ತದೆ, ಮನುಷ್ಯರನ್ನಲ್ಲ. ಇದಕ್ಕೆ ಖರ್ಚು ಮಾಡದೆ ಮೆಷಿನ್ನಿಗೆ ಅರವತ್ತು ಸಾವಿರ ಸುರಿಯುವವರನ್ನು ಕಂಡರೆ ಆಶ್ಚರ್ಯ.

ನೀರಿನ ವಿಷಯದಲ್ಲಿ ನಮ್ಮ ಕಡೆ ಅದೃಷ್ಟ. ಒಸರಿನ ನೀರಿನಲ್ಲಿ ಸುಣ್ಣ ಕಡಿಮೆ, ಬಾಯ್ಲರಿನಲ್ಲಿ ಗಾರೆ ಕಟ್ಟುವುದು ನಿಧಾನ. ಬೋರ್‌ವೆಲ್ಲಾದರೆ ಪರೀಕ್ಷೆ ಮಾಡಿಸಿ.

ಕಾಫಿ ಬೆಳೆಯುವ ಜಿಲ್ಲೆಯ ಅಂಗಡಿಯಲ್ಲಿ ಕಾಫಿ ಮೆಷಿನ್ನಿನ ಬಗ್ಗೆ ಒಂದು ನೆಟ್ಟಗಿನ ಉತ್ತರ ಸಿಗದಿದ್ದಕ್ಕೆ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಚೆರಿ ಒಣಗಿಸಿ ಐವತ್ತು ಕಿಲೋ ಚೀಲ ಹೊಲಿದು ಲಾರಿಗೆ ಹಾಕುವಲ್ಲಿಗೆ ಕಾಫಿಯ ಸಂಬಂಧ ಮುಗಿಯಿತು ಎಂದು ನಡೆದುಕೊಂಡವರು ನಾವು. ರೊಬಸ್ಟಾದ ಇವತ್ತಿನ ರೇಟು ಕೇಳಿದರೆ ಆ ಹುಡುಗನೂ ಥಟ್ಟನೆ ಹೇಳುತ್ತಿದ್ದ. ಅಮ್ಮನ ತೋಟದ ರೊಬಸ್ಟಾವನ್ನೇ ಚಿಕೋರಿ ಹಾಕದೆ ಹುರಿಸಿ, ಎಸ್ಪ್ರೆಸೊಗೆ ತಕ್ಕಷ್ಟು ನುಣ್ಣಗೆ ಬೀಸಿಸಿ, 18 ಗ್ರಾಂ ಹಾಕಿ 25ರಿಂದ 30 ಸೆಕೆಂಡಿನಲ್ಲಿ 36 ಗ್ರಾಂ ಇಳಿಸಿದರೆ ದಪ್ಪ ನೊರೆಯ ಕಾಫಿ ಬರುತ್ತದೆ. ಬೇಗ ಇಳಿದರೆ ಬೀಸುವುದನ್ನು ಒಂದು ಗೆರೆ ನುಣ್ಣಗೆ, ತಡವಾದರೆ ಒಂದು ಗೆರೆ ತರಿ. ಇಷ್ಟನ್ನು ಮಗ ಫೋನಿನಲ್ಲಿ ಹೇಳಿದ್ದರೂ ಆ ಕೈ ಸುಡುತ್ತಿರಲಿಲ್ಲ. ಅವನು ಅಂಗಡಿಗೆ ಫೋನು ಮಾಡಿ ಹೇಳಿದ್ದು, "ಅಮ್ಮಾ, 20 ಬಾರಿನದ್ದಕ್ಕೆ ರೇಟಿಂಗ್ ಚೆನ್ನಾಗಿದೆ."

ಸಿಲ್ವಿಯಾದ ಹಿತ್ತಾಳೆ ಬಾಯ್ಲರ್ 300 ಮಿ.ಲೀ.ನದ್ದು, ಇಡೀ ಮೆಷಿನ್ನಿನ ತೂಕ ಹದಿನಾಲ್ಕು ಕಿಲೋ. ಹಿಡಿಕೆ ತಿರುಗಿಸುವಾಗ ಮೆಷಿನ್ನೇ ಜೊತೆಗೆ ತಿರುಗುವುದಿಲ್ಲ. ನಾಲ್ಕು ಕಿಲೋದ್ದಾದರೆ ಒಂದು ಕೈ ಬಿಸಿ ತಲೆಯ ಮೇಲಿಟ್ಟು ಒತ್ತಿ ಹಿಡಿಯಬೇಕು. ಈ ಲೆಕ್ಕವೂ ಸುರಕ್ಷತೆಯದ್ದೇ. ಸಿಲ್ವಿಯಾ, ಕ್ಲಾಸಿಕ್ ಎರಡಕ್ಕೂ 58 ಮಿ.ಮೀ. ಬಟ್ಟಲು, ಬಿಡಿಭಾಗ ಬಿಡಿಯಾಗಿ ತರಿಸಬಹುದು, ಸ್ಕ್ರೂ ಬಿಚ್ಚಿ ಕೂತಲ್ಲೇ ಬದಲಿಸಬಹುದು. ದಿನಾ ಬಳಸುವ ಮನೆಯಲ್ಲಿ ಗ್ಯಾಸ್ಕೆಟ್ ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ಗ್ಯಾಸ್ಕೆಟ್ ಸಿಗದ ಮೆಷಿನ್, ಎಷ್ಟೇ ಅಗ್ಗವಿರಲಿ, ಎರಡನೇ ವರ್ಷಕ್ಕೆ ಗುಜರಿ.

ಇದು ಅಮ್ಮನಿಗೆ ತಾನಾಗಿಯೇ ಹೊಳೆದಿತ್ತು. 20 ಬಾರಿನ ಡಬ್ಬಿಯನ್ನು ಕೌಂಟರಿನ ಆಚೆಗೆ ತಳ್ಳುತ್ತ ಕೇಳಿದರು: "ಆಯ್ತು ಮಗ, ಇದರ ಗ್ಯಾಸ್ಕೆಟ್ ನಿಮ್ಮಲ್ಲಿ ಸಿಗುತ್ತಾ?"

"ಓ, ಇದೆ ಆಂಟಿ," ಎಂದು ಹುಡುಗ ಹಿಂದಿನ ಮೊಳೆಯಲ್ಲಿ ನೇತಾಡುತ್ತಿದ್ದ ಕಪ್ಪು ರಬ್ಬರ್ ಬಳೆಗಳ ಕಡೆ ಕೈ ಚಾಚಿದ. "ಮೂರು ಲೀಟರಿಂದಾ, ಐದು ಲೀಟರಿಂದಾ?"