ಇಳಿಜಾರಿನಲ್ಲಿ ಕೂಗಿದ ಕ್ರೌನ್

ಪಾಂಡವಪುರದ ಕಬ್ಬು ಬೆಳೆಗಾರರೊಬ್ಬರು ತಮ್ಮ ತಂದೆಯ ಕಾಲದ ಸಿಜೆ-3ಬಿ ಜೀಪನ್ನು ಬನ್ನಿಮಂಟಪದ ನಮ್ಮ ಗ್ಯಾರೇಜಿಗೆ ತಂದಾಗ ಮೇಲುಕೋಟೆಯ ವೈರಮುಡಿ ಉತ್ಸವಕ್ಕೆ ಹನ್ನೆರಡು ದಿನಗಳಷ್ಟೇ ಉಳಿದಿದ್ದವು. ಹಿಂದಿನ ಆ್ಯಕ್ಸಲ್‌ನ 43 ಹಲ್ಲಿನ ದೊಡ್ಡ ಗೇರ್ ಕ್ರೌನ್, ಅದನ್ನು ತಿರುಗಿಸುವ 8 ಹಲ್ಲಿನ ಸಣ್ಣ ಗೇರ್ ಪಿನಿಯನ್ ಎರಡೂ ಚಕ್ಕೆ ಎದ್ದಿದ್ದರಿಂದ ಹೊಸ ಜೋಡಿಯನ್ನೇ ಹಾಕಬೇಕಾಯಿತು.

ನಾನು ಗೇರುಗಳ ಅಂತರ ಹೊಂದಿಸುವ ತೆಳು ಲೋಹದ ಬಿಲ್ಲೆಗಳಾದ ಹಳೆಯ ಶಿಮ್‌ಗಳಲ್ಲೇ ಜೋಡಿಸಿ, ಹಲ್ಲುಗಳು ತಾಗುವ ಜಾಗ ಕಾಣಲೆಂದು ನೀಲಿ ಬಣ್ಣ ಬಳಿದು ತಿರುಗಿಸಿ ನೋಡಿದಾಗ, ಎಂಜಿನ್ ಎಳೆಯುವಾಗ ಒತ್ತುವ ಡ್ರೈವ್ ಮಗ್ಗುಲಿನ ಗುರುತು ಹಲ್ಲಿನ ಒಳತುದಿಯಾದ ಟೋ ಕಡೆಗೆ, ಹಲ್ಲಿನ ಬುಡಕ್ಕೆ ಸರಿದಿತ್ತು. ಪಿನಿಯನ್ ಹೆಚ್ಚು ಒಳಗೆ ಹೋಗಿದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಆದರೆ ಪಿನಿಯನ್ನಿನ ಆಳ ಹೊಂದಿಸುವ ಶಿಮ್ ಇರುವುದು ಒಳ ಬೇರಿಂಗಿನ ಹೊರಬಳೆಯಾದ ಕಪ್ಪಿನ ಹಿಂದೆ. ಕಪ್ ಎಳೆಯುವ ಪುಲ್ಲರ್‌ನ ಕಾಲು ಮುರಿದು ವರ್ಷವಾಗಿತ್ತು, ಕೇಳಿದಾಗಲೆಲ್ಲ ಗ್ಯಾರೇಜಿನ ಮಾಲೀಕರು ಮುಂದಿನ ತಿಂಗಳು ಎನ್ನುತ್ತಿದ್ದರು. ಹೀಗಾಗಿ ನಾನು ಸುಲಭದ ದಾರಿ ಹಿಡಿದು, ಪಕ್ಕದ ಶಿಮ್‌ಗಳನ್ನು ಅದಲುಬದಲು ಮಾಡಿ ಕ್ರೌನನ್ನು ದೂರ ಸರಿಸಿದೆ. ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) 9 ಥೌ, ಅಂದರೆ ಇಂಚಿನ ಸಾವಿರ ಭಾಗಗಳಲ್ಲಿ ಒಂಬತ್ತು, ಆಯಿತು, ಡ್ರೈವ್ ಗುರುತು ನಡುವಿಗೆ ಬಂದಿತು. ಆಕ್ಸಿಲರೇಟರ್ ಬಿಟ್ಟಾಗ ಒತ್ತುವ ಕೋಸ್ಟ್ ಮಗ್ಗುಲಿನದು ಹಲ್ಲಿನ ಹೊರತುದಿಯಾದ ಹೀಲ್‌ನ ಅಂಚಿಗೆ ಜಾರಿದ್ದನ್ನು ಟಾರ್ಚಿನಲ್ಲಿ ಕಂಡೂ, ಓಡುತ್ತಾ ಕೂರುತ್ತದೆ ಎಂದುಕೊಂಡು ಕವರ್ ಮುಚ್ಚಿದೆ.

ಟ್ರಯಲ್‌ಗೆಂದು ಬೆಳೆಗಾರರೇ ಸ್ಟೇರಿಂಗ್ ಹಿಡಿದು ಮೇಲುಕೋಟೆಗೆ ಹೊರಟರು. ಏರಿನಲ್ಲಿ ಒಂದು ಸದ್ದೂ ಇರಲಿಲ್ಲ. ಮರಳುವಾಗ, ಜಕ್ಕನಹಳ್ಳಿಯ ಕಡೆಗೆ ಇಳಿಯುತ್ತಾ ಅವರು ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಹಿಂದಿನಿಂದ ಸಣ್ಣ ಕೂಗು ಶುರುವಾಯಿತು. ಒತ್ತಿದರೆ ನಿಂತಿತು, ಬಿಟ್ಟರೆ ಮತ್ತೆ ಎದ್ದಿತು. ಅವರು ಏನೂ ಕೇಳದೆ ನಾಲ್ಕು ಸಲ ಹಾಗೆಯೇ ಮಾಡಿ ನನ್ನ ಮುಖ ನೋಡಿದರು. ಟೈರಿನ ಸದ್ದಿರಬಹುದು ಎಂದೆ. ಟೈರಿನ ಸದ್ದು ಕಾಲಿನ ಮಾತು ಕೇಳುವುದಿಲ್ಲ ಎಂಬುದು ನಲವತ್ತು ವರ್ಷ ಜೀಪು ಓಡಿಸಿದವರಿಗೆ ತಿಳಿಯದ ಸಂಗತಿಯಲ್ಲ. ಇಳಿಜಾರು ಮುಗಿಯುವವರೆಗೂ ನಾನು ತಲೆ ಎತ್ತಲಿಲ್ಲ.

ಮರುದಿನ ಎಲ್ಲವನ್ನೂ ಬಿಚ್ಚಿ, ಗುಜರಿ ಡಬ್ಬದಿಂದ ಹಳೆಯ ಪಿನಿಯನ್ ಹೆಕ್ಕಿ ತಲೆಯನ್ನು ಉಜ್ಜಿ ನೋಡಿದರೆ ಪಿನಿಯನ್ ಎಷ್ಟು ಥೌ ಒಳಗೆ (ಮೈನಸ್) ಅಥವಾ ಹೊರಗೆ (ಪ್ಲಸ್) ಕೂರಬೇಕೆಂಬ ಗುರುತಾಗಿ ಅದರಲ್ಲಿ ಮೈನಸ್ 2 ಎಂದು ಕೊರೆದಿತ್ತು. ಹೊಸದರಲ್ಲಿ ಪ್ಲಸ್ 3. ಐದು ಥೌ ತೆಗೆಯಬೇಕೆಂದು ಉಕ್ಕೇ ಹೇಳುತ್ತಿದ್ದಾಗ ನಾನು ಓದಿರಲಿಲ್ಲ. ಪಕ್ಕದ ಗ್ಯಾರೇಜಿನ ಪುಲ್ಲರ್ ಎರವಲು ತಂದು ಕಪ್ಪಿನ ಹಿಂದಿನಿಂದ ಐದು ಥೌ ತೆಗೆದು, ಬೇರಿಂಗುಗಳ ಬಿಗಿತವಾದ ಪ್ರೀಲೋಡ್ ಕೆಡದಂತೆ ಹೊರ ಬೇರಿಂಗಿನ ಶಿಮ್ಮಿನಿಂದಲೂ ಅಷ್ಟನ್ನೇ ಇಳಿಸಿ, ಕ್ರೌನನ್ನು ಹತ್ತಿರ ತಂದು ಬ್ಯಾಕ್‌ಲ್ಯಾಶ್ 6 ಥೌಗೆ ನಿಲ್ಲಿಸಿದೆ. ಈ ಸಲ ನೀಲಿಯನ್ನು ತೆಳುವಾಗಿ ಬಳಿದು, ಕ್ರೌನಿಗೆ ಮರದ ತುಂಡು ಒತ್ತಿ ಹಿಡಿದು ಭಾರ ಕೊಟ್ಟು, ಎರಡೂ ದಿಕ್ಕಿಗೆ ತಿರುಗಿಸಿದಾಗ ಎರಡೂ ಮಗ್ಗುಲಿನ ಗುರುತು ನಡುವಿನಲ್ಲಿ ಮೂಡಿತು.

ಅಷ್ಟರಲ್ಲಿ ಬೆಳೆಗಾರರ ಮನೆಯವರೆಲ್ಲ ಬಸ್ಸಿನಲ್ಲೇ ವೈರಮುಡಿಗೆ ಹೋಗಿ ಬಂದಿದ್ದರು. ಎರಡನೆಯ ಸಲದ ಎಣ್ಣೆ ಮತ್ತು ಗ್ಯಾಸ್ಕೆಟ್ ಹಣವನ್ನು ಮಾಲೀಕರು ನನ್ನ ಸಂಬಳದಲ್ಲಿ ಹಿಡಿದುಕೊಂಡರು. ಪುಲ್ಲರ್ ಮಾತ್ರ ಈಗಲೂ ಮುಂದಿನ ತಿಂಗಳಿಗೇ ಇದೆ.