ದನಿ ಓಡುತ್ತಿದೆಯೇ? ಎಳೆಯುವ ಮೊದಲು ಅಳೆಯಿರಿ

ಗದಗಿನ ಗಮಕಿಯೊಬ್ಬರು ಹಾರ್ಮೋನಿಯಂನ ಕಾಳಿ 1ರಲ್ಲಿ (ಮೊದಲ ಕಪ್ಪು ಪಟ್ಟಿಯ ಶ್ರುತಿಯಲ್ಲಿ) ಓದಿದ ಕುಮಾರವ್ಯಾಸನ ಷಟ್ಪದಿ ಅನಿಮೇಷನ್ ಸಾಫ್ಟ್‌ವೇರ್‌ನೊಳಗೆ ಬಿಳಿ 2, ಕಾಳಿ 2ರ ನಡುವೆ ಯಾವ ಪಟ್ಟಿಗೂ ಕೂಡದೆ ಕೇಳಿಸಿದರೆ, 44,100 ಹರ್ಟ್ಸ್‌ನ ಫೈಲು 48,000 ಎಂದು ಓಡುತ್ತಿದೆ ಎಂದೇ ಅರ್ಥ (ಈ ಸಂಖ್ಯೆಗಳು ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ದನಿಯನ್ನು ಎಷ್ಟು ಸಲ ಅಳೆದಿದೆ ಎಂಬ ಲೆಕ್ಕ). ವೇಗ ಶೇ. 8.8 ಹೆಚ್ಚುತ್ತದೆ, ಶ್ರುತಿ ಹಾರ್ಮೋನಿಯಂನ ಒಂದೂವರೆ ಪಟ್ಟಿಯಷ್ಟು ಏರುತ್ತದೆ. ಹುಬ್ಬಳ್ಳಿ-ಧಾರವಾಡದ ಕಿವಿಗಳಿಗೆ ಇದು ತಕ್ಷಣ ಗೊತ್ತಾಗುತ್ತದೆ. ಆದರೆ ಬರೀ ಮಾತಿನ ದೃಶ್ಯದಲ್ಲಿ ಎಷ್ಟೋ ಸಲ ಗಮನಕ್ಕೇ ಬರುವುದಿಲ್ಲ, ತುಟಿಯ ಚಲನೆ ಮಾತಿಗೆ ಹೊಂದದೆ ತಪ್ಪಿದಾಗಲೇ ತಿಳಿಯುವುದು.

ಆಗ ದನಿಯನ್ನು ಎಳೆದು ಹೊಂದಿಸಲು ಹೋಗಬೇಡಿ. ಮೂಲದಲ್ಲಿ ಸರಿಯಾಗಿ 60 ಸೆಕೆಂಡು ಇರುವ ತುಣುಕನ್ನು ಟೈಮ್‌ಲೈನಿನಲ್ಲಿ ಅಳೆಯಿರಿ. 55.1 ಬಂದರೆ ಮೇಲಿನ ದೋಷವೇ. 65.3 ಬಂದರೆ ಅದರ ತಿರುವುಮುರುವು: 48,000ದ ಫೈಲು 44,100ರಲ್ಲಿ ಓಡುತ್ತಿದೆ.

ದನಿ ತಿದ್ದುವ ಸಾಫ್ಟ್‌ವೇರ್ ಆಡಾಸಿಟಿಯಲ್ಲಿ ಇದನ್ನು ಸರಿಪಡಿಸುವಾಗ ಬಹಳ ಮಂದಿ ಎಡವುವ ಜಾಗ ಒಂದಿದೆ. ಟ್ರ್ಯಾಕ್ ಮೆನುವಿನ 'ರೇಟ್' ಬದಲಿಸಿದರೆ ವೇಗವೇ ಬದಲಾಗುತ್ತದೆ. 'ರೀಸ್ಯಾಂಪಲ್' ವೇಗವನ್ನು ಮುಟ್ಟದೆ ಸ್ಯಾಂಪಲ್‌ಗಳ ಸಂಖ್ಯೆಯನ್ನಷ್ಟೇ ಬದಲಿಸುತ್ತದೆ. ಹೀಗಾಗಿ ಫೈಲು ಅಲ್ಲೂ ಓಡುತ್ತಿದ್ದರೆ ಮೊದಲು 'ರೇಟ್' ಅನ್ನು ಮೂಲದ ಸಂಖ್ಯೆಗೆ ತಿದ್ದಿ, ಆಮೇಲೆ 48,000ಕ್ಕೆ 'ರೀಸ್ಯಾಂಪಲ್' ಮಾಡಿ. ಪ್ರಾಜೆಕ್ಟ್ ರೇಟನ್ನೂ 48,000ಕ್ಕೇ ಇಟ್ಟು 16 ಬಿಟ್ ವೇವ್ (WAV) ಫೈಲಾಗಿ ಹೊರತೆಗೆಯಿರಿ. ಎಂಪಿ3 ಬೇಡ, ಬಿಟ್‌ರೇಟ್ ಏರಿಳಿಯುವ ಎಂಪಿ3ಯ ಉದ್ದವನ್ನು ಕೆಲವು ಸಾಫ್ಟ್‌ವೇರ್‌ಗಳು ತಪ್ಪಾಗಿ ಲೆಕ್ಕ ಹಾಕುತ್ತವೆ.

ಶ್ರುತಿ ಸರಿಯಿದ್ದು ತುಟಿ ಮಾತ್ರ ತಪ್ಪುತ್ತಿದ್ದರೆ ದನಿಯನ್ನು ಮುಟ್ಟಲೇಬೇಡಿ, ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಲೆಕ್ಕ) ನೋಡಿ. 24ರ ಲೆಕ್ಕದಲ್ಲಿ ಬರೆದ 1,440 ಫ್ರೇಮು 25ರಲ್ಲಿ 57.6 ಸೆಕೆಂಡಿಗೇ ಮುಗಿಯುತ್ತದೆ, ದನಿ ಮಾತ್ರ 60 ಸೆಕೆಂಡೇ ಇರುತ್ತದೆ. 24 ಮತ್ತು 23.976ರ ವ್ಯತ್ಯಾಸ ಸಣ್ಣದೆನಿಸಿದರೂ ಹತ್ತು ನಿಮಿಷಕ್ಕೆ 14 ಫ್ರೇಮು ಜಾರುತ್ತದೆ. ಕೆಲಸ ಶುರುವಾಗುವ ಮುಂಚೆಯೇ ಒಂದು ಸಂಖ್ಯೆ ನಿಗದಿ ಮಾಡಿಕೊಳ್ಳಿ.

ಅಡೋಬಿ ಅನಿಮೇಟ್‌ನಲ್ಲಿ ಸೌಂಡ್ ಇರುವ ಫ್ರೇಮನ್ನು ಆರಿಸಿ, 'ಸಿಂಕ್' ಅನ್ನು 'ಈವೆಂಟ್'ನಿಂದ 'ಸ್ಟ್ರೀಮ್'ಗೆ ಬದಲಿಸಿ. 'ಈವೆಂಟ್' ದನಿ ಟೈಮ್‌ಲೈನಿನ ಹಂಗಿಲ್ಲದೆ ತನ್ನ ಪಾಡಿಗೆ ಓಡುತ್ತದೆ. 'ಸ್ಟ್ರೀಮ್' ಆದರೆ ಕಂಪ್ಯೂಟರ್ ನಿಧಾನವಾದಾಗ ಫ್ರೇಮು ಬಿಟ್ಟಾದರೂ ಚಿತ್ರ ದನಿಯ ಜೊತೆಗೇ ಸಾಗುತ್ತದೆ. ಬ್ಲೆಂಡರ್‌ನಲ್ಲಿ ಇದಕ್ಕೆ 'ಸಿಂಕ್ ಟು ಆಡಿಯೊ' ಇದೆ. 'ಪ್ಲೇ ಎವ್ರಿ ಫ್ರೇಮ್' ಇದ್ದಾಗ ಕಾಣುವ ತಪ್ಪು ಪ್ರಿವ್ಯೂನದಷ್ಟೇ, ರೆಂಡರ್ ಆದ ವಿಡಿಯೊದಲ್ಲಿ ಇರುವುದಿಲ್ಲ. ಅದನ್ನು ನೋಡಿ ಕೀಫ್ರೇಮು (ಚಲನೆಯ ಮುಖ್ಯ ಭಂಗಿ ಗುರುತಿಸಿದ ಫ್ರೇಮು) ಸರಿಸಿದರೆ ಸರಿಯಿದ್ದದ್ದೂ ಕೆಡುತ್ತದೆ.

ಹಾವೇರಿಯಿಂದ ಯಾರಾದರೂ ದನಿ ಕೊಟ್ಟು ಕಳಿಸುತ್ತಿದ್ದರೆ ವಾಟ್ಸಾಪ್ ವಾಯ್ಸ್ ನೋಟ್ ಬೇಡವೆನ್ನಿ. 48,000ದಲ್ಲಿ ರೆಕಾರ್ಡ್ ಮಾಡಿದ ವೇವ್ ಫೈಲನ್ನೇ ಡಾಕ್ಯುಮೆಂಟ್ ಆಗಿ ಕಳಿಸಲಿ.