ಶಂಕರಹೊಂಡದಿಂದ ತದಡಿಯವರೆಗೆ: ಅಘನಾಶಿನಿಯನ್ನು ನೋಡುವ ಬಗೆ

ಉತ್ತರ ಕನ್ನಡಕ್ಕೆ ಬರುವವರ ಯೋಜನೆ ಸಾಮಾನ್ಯವಾಗಿ ಹೀಗಿರುತ್ತದೆ: ಬೆಳಿಗ್ಗೆ ಯಾಣ, ಮಧ್ಯಾಹ್ನ ಮಾಗೋಡು, ರಾತ್ರಿ ಗೋಕರ್ಣ, ಮರುದಿನ ಜೋಗ ಮುಗಿಸಿ ವಾಪಸ್. ಅರ್ಧ ಹೊತ್ತು ಘಟ್ಟದ ತಿರುವುಗಳಲ್ಲೇ ಹೋಗುತ್ತದೆ. ಪ್ರತಿ ಜಾಗದಲ್ಲೂ ಒಂದು ಫೋಟೊ, ಒಂದು ಚಹಾ, ಅಷ್ಟೇ. ಎರಡೇ ದಿನ ಇದ್ದರೆ ಒಂದೇ ಹೊಳೆಯನ್ನು ಹಿಡಿದು ಇಳಿಯಿರಿ. ಆ ಹೊಳೆ ಅಘನಾಶಿನಿ. ಸುಮಾರು 120 ಕಿಲೋಮೀಟರಿನ ಈ ಚಿಕ್ಕ ನದಿಯ ಆಸುಪಾಸಿನಲ್ಲೇ ದೊಡ್ಡ ಜಲಪಾತ, ಸುಣ್ಣಕಲ್ಲಿನ ಶಿಖರ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಉಪ್ಪಿನ ಆಗರ ಎಲ್ಲವೂ ಸಿಗುತ್ತವೆ.

ಹೊಳೆಯ ಒಂದು ಮೂಲ ಶಿರಸಿ ಪೇಟೆಯೊಳಗೇ ಇರುವ ಶಂಕರಹೊಂಡ. ಇನ್ನೊಂದು ಕವಲು ಮಂಜುಗುಣಿ ಕಡೆಯಿಂದ ಬಂದು ಮುತ್ತಳ್ಳಿ ಹತ್ತಿರ ಕೂಡುತ್ತದೆ. ಶಂಕರಹೊಂಡದಲ್ಲಿ ಹತ್ತು ನಿಮಿಷ ಸಾಕು. ಆದರೆ ಪ್ರವಾಸ ಅಲ್ಲಿಂದಲೇ ಶುರುವಾಗಲಿ. ಕಲ್ಲು ಕಟ್ಟಿದ ಈ ಹೊಂಡದ ನೀರು ಮೂವತ್ತೈದು ಕಿಲೋಮೀಟರ್ ಆಚೆ ಏನಾಗುತ್ತದೆ ಎಂಬುದು ಮನಸ್ಸಿನಲ್ಲಿದ್ದರೆ ಉಂಚಳ್ಳಿ ಜಲಪಾತ ಬೇರೆಯೇ ಥರ ಕಾಣುತ್ತದೆ. ಈ ನದಿಗೆ ದೊಡ್ಡ ಅಣೆಕಟ್ಟು ಇಲ್ಲ. ಜೋಗದಲ್ಲಿ ಎಷ್ಟು ನೀರು ಬೀಳುತ್ತದೆ ಎನ್ನುವುದು ಲಿಂಗನಮಕ್ಕಿ ಅಣೆಕಟ್ಟಿನ ಮೇಲೂ ನಿಂತಿದೆ, ಉಂಚಳ್ಳಿಯಲ್ಲಿ ಮಳೆ ಮಾತ್ರ ತೀರ್ಮಾನಿಸುತ್ತದೆ.

ಉಂಚಳ್ಳಿ ಜಲಪಾತ ಸಿದ್ದಾಪುರ ತಾಲೂಕಿನ ಹೆಗ್ಗರಣೆಯಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿದೆ. ಎತ್ತರ 116 ಮೀಟರ್. 1845ರಲ್ಲಿ ಇದರ ಬಗ್ಗೆ ವರದಿ ಮಾಡಿದ ಬ್ರಿಟಿಷ್ ಕಲೆಕ್ಟರ್ ಲಷಿಂಗ್ಟನ್‌ನ ಹೆಸರೂ ಇದಕ್ಕೆ ಅಂಟಿಕೊಂಡಿದೆ. ಊರವರ ಹೆಸರು ಕೆಪ್ಪ ಜೋಗ. ಮಳೆಗಾಲದಲ್ಲಿ ಕಟಾಂಜನದ ಬಳಿ ನಿಂತರೆ ಪಕ್ಕದವರ ಮಾತು ಕೇಳುವುದಿಲ್ಲ, ನನಗಂತೂ ಈ ಹೆಸರೇ ಸರಿ ಅನ್ನಿಸುತ್ತದೆ.

ಇಲ್ಲಿ ಹೆಚ್ಚಿನವರು ತಪ್ಪುವುದು ತಿಂಗಳಿನ ಲೆಕ್ಕದಲ್ಲಿ. ಜುಲೈನಲ್ಲಿ ನೀರು ತುಂಬಿರುತ್ತದೆ ನಿಜ, ಆದರೆ ಕಣಿವೆಯ ತುಂಬ ಮಂಜು. ಅಷ್ಟು ದೂರ ಬಂದವರು ಬಿಳಿ ಗೋಡೆಯೊಂದನ್ನು ನೋಡಿ, ಶಬ್ದ ಮಾತ್ರ ಕೇಳಿ ಹಿಂದಿರುಗುತ್ತಾರೆ. ಮಂಜು ಗಾಳಿಗೆ ಸರಿದಾಗ ಐದು ಹತ್ತು ನಿಮಿಷ ಪೂರ್ತಿ ಜಲಪಾತ ತೆರೆದುಕೊಳ್ಳುತ್ತದೆ. ಹಾಗಾಗಿ ಮಳೆಗಾಲದಲ್ಲಿ ಹೋದರೆ ಕನಿಷ್ಠ ಒಂದೂವರೆ ಗಂಟೆ ಕೂರುವ ತಯಾರಿ ಇರಲಿ. ಮೊದಲ ಮಳೆಯ ನೀರು ಮಣ್ಣು ಕದಡಿ ಕೆಂಪಾಗಿರುತ್ತದೆ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗಿನ ಕಾಲವೇ ಒಳ್ಳೆಯದು: ನೀರು ತಿಳಿ, ಕಾಡು ಇನ್ನೂ ಹಸಿರು, ಮೆಟ್ಟಿಲ ಪಾಚಿ ಒಣಗತೊಡಗಿರುತ್ತದೆ. ಮಾರ್ಚ್ ಹೊತ್ತಿಗೆ ಬಂಡೆಯ ಮೇಲೆ ಒಂದು ಎಳೆ ನೀರು ಉಳಿದಿರುತ್ತದೆ, ಅದಕ್ಕಾಗಿ ದೂರದಿಂದ ಬರಬೇಡಿ.

ಕಾಮನಬಿಲ್ಲು ನೋಡಬೇಕೆಂದರೆ ಸೂರ್ಯ ನಿಮ್ಮ ಬೆನ್ನ ಹಿಂದಿರಬೇಕು, ತುಂತುರು ಎದುರಿಗಿರಬೇಕು. ಮೊದಲ ವೀಕ್ಷಣಾ ಜಾಗದಲ್ಲಿ ಕಾಣದಿದ್ದರೆ ಇನ್ನಷ್ಟು ಮೆಟ್ಟಿಲು ಇಳಿದು ನೋಡಿ, ಕೋನ ಬದಲಾದೊಡನೆ ಬಣ್ಣ ಮೂಡುವುದುಂಟು. ಇಳಿಯುವುದು ಸುಲಭ, ಹತ್ತುವಾಗ ಉಸಿರು ಕಟ್ಟುತ್ತದೆ. ಮಂಡಿನೋವಿನವರು ಮೇಲಿನ ಜಾಗದಲ್ಲೇ ನಿಂತು ನೋಡಲಿ, ಅಲ್ಲಿಂದಲೂ ನೋಟ ಪೂರ್ತಿ ಸಿಗುತ್ತದೆ. ಕಟಾಂಜನ ದಾಟಿ ಬಂಡೆಯ ಅಂಚಿಗೆ ಹೋಗಬೇಡಿ. ಒದ್ದೆ ಬಂಡೆಯ ಮೇಲಿನ ಕಪ್ಪು ಪಾಚಿ ಕಣ್ಣಿಗೆ ಕಲ್ಲಿನ ಹಾಗೆಯೇ ಕಾಣುತ್ತದೆ, ಕಾಲಿಟ್ಟರೆ ಸೋಪಿನಂತೆ ಜಾರುತ್ತದೆ.

ಉಂಬಳದ (ಜಿಗಣೆಯ) ಬಗ್ಗೆ ಭಯ ಬೇಡ, ತಯಾರಿ ಬೇಕು. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಕಾಲುಚೀಲಕ್ಕೆ ಹೊಗೆಸೊಪ್ಪು ನೆನೆಸಿದ ನೀರು ಅಥವಾ ಸುಣ್ಣ ಸವರಿ. ಹತ್ತಿದರೆ ಕಿತ್ತೆಳೆಯಬೇಡಿ, ಚಿಟಿಕೆ ಉಪ್ಪು ಹಾಕಿದರೆ ತಾನೇ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಅದರ ಎಂಜಲಿನಲ್ಲಿರುವುದರಿಂದ ಗಾಯ ಸ್ವಲ್ಪ ಹೊತ್ತು ಒಸರುತ್ತಲೇ ಇರುತ್ತದೆ. ತೊಳೆದು ಬಟ್ಟೆ ಒತ್ತಿ ಹಿಡಿದರೆ ಸಾಕು.

ನಿಜವಾಗಿ ಎಚ್ಚರ ಬೇಕಾದದ್ದು ಉಣುಗಿನ (ಉಣ್ಣೆಹುಳದ) ವಿಷಯದಲ್ಲಿ. ಮಂಗನ ಕಾಯಿಲೆ ಹರಡುವುದು ಇದರಿಂದಲೇ, ಸಿದ್ದಾಪುರ ಸೀಮೆಯ ಕಾಡಿನವರಿಗೆ ಇದು ಹೊಸದಲ್ಲ. ಡಿಸೆಂಬರಿನಿಂದ ಮೇವರೆಗೆ, ಕಾಡು ಒಣಗಿದಾಗ ಅಪಾಯ ಹೆಚ್ಚು. ಆ ತಿಂಗಳುಗಳಲ್ಲಿ ದರಕಿನ (ಉದುರಿದ ಒಣ ಎಲೆಗಳ) ಮೇಲೆ ಕೂರಬೇಡಿ, ಮಲಗಬೇಡಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲ ಸಿಕ್ಕರೆ ಕೈಕಾಲಿಗೆ ಹಚ್ಚಿಕೊಳ್ಳಿ. ಮರಳಿದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಲ್ಲೇ ನೆನೆಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರವರಿಗೆ ತಿಳಿಸಿ. ಊರಿಗೆ ಹೋದ ಮೇಲೆ ಒಂದೆರಡು ವಾರದಲ್ಲಿ ಜೋರು ಜ್ವರ, ತಲೆನೋವು ಬಂದರೆ ಕಾಡಿಗೆ ಹೋಗಿದ್ದೆವೆಂದು ಡಾಕ್ಟರಿಗೆ ಮೊದಲು ಹೇಳಿ.

ಎರಡನೇ ದಿನಕ್ಕೆ ಯಾಣ. ‘ಸೊಕ್ಕಿದ್ದವರಿಗೆ ಯಾಣ, ರೊಕ್ಕಿದ್ದವರಿಗೆ ಗೋಕರ್ಣ’ ಅನ್ನುವ ಕಾಲ ಹೋಯಿತು, ಈಗ ರಸ್ತೆ ಬಹುತೇಕ ಬುಡದವರೆಗೂ ಇದೆ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಸುತ್ತಲಿನ ಮಣ್ಣು ಕಪ್ಪಾಗಿರುವುದಕ್ಕೆ ಭಸ್ಮಾಸುರನ ಕಥೆ ಹೇಳುತ್ತಾರೆ. ಶಿಲೆಯ ಕಥೆಯೂ ಅಷ್ಟೇ ಚಂದ. ಇದು ಸ್ಫಟಿಕರೂಪದ ಸುಣ್ಣಕಲ್ಲು. ಮಳೆನೀರು ದರಕಿನ ಮೂಲಕ ಇಳಿಯುವಾಗ ಇಂಗಾಲದ ಡೈಆಕ್ಸೈಡ್ ಸೇರಿ ತುಸು ಹುಳಿಯಾಗುತ್ತದೆ, ಆ ಹುಳಿ ಸುಣ್ಣಕಲ್ಲನ್ನು ಬಿರುಕಿನಗುಂಟ ಕರಗಿಸುತ್ತದೆ. ಬಿರುಕು ಕೊರಕಲಾಗಿ, ಕೊರಕಲು ಓಣಿಯಾಗಿ, ಕೊನೆಗೆ ಕರಗದೆ ಉಳಿದದ್ದು ಶಿಖರವಾಗಿ ನಿಲ್ಲುತ್ತದೆ. ಮಡಗಾಸ್ಕರಿನ ತ್ಸಿಂಗಿ, ಚೀನಾದ ಶಿಲಿನ್ ಕಲ್ಲುಕಾಡು ಮೂಡಿದ್ದೂ ಸುಣ್ಣಕಲ್ಲು ಹೀಗೆ ಕರಗಿಯೇ. ಅವು ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ನಮ್ಮದು ಹಳ್ಳದ ಪಕ್ಕದ ಕಾಡಿನಲ್ಲಿದೆ.

ಭೈರವೇಶ್ವರನ ಗುಹೆಯಲ್ಲಿ ಲಿಂಗದ ಮೇಲೆ ನೀರು ತೊಟ್ಟಿಕ್ಕುತ್ತದೆ. ಕೈಮುಗಿದು ಹಿಂದಿನ ಓಣಿಯೊಳಗೆ ನಿಧಾನ ನಡೆಯಿರಿ. ಎರಡು ಗೋಡೆಗಳ ನಡುವೆ ಬೆಳಕು ಮೇಲಿಂದ ಮಾತ್ರ ಬೀಳುತ್ತದೆ. ಗೋಡೆಯನ್ನು ಹತ್ತಿರದಿಂದ ನೋಡಿ: ನೀರು ಇಳಿದ ಗೀರುಗಳು ಲಂಬವಾಗಿ, ಅವುಗಳ ನಡುವಿನ ಏಣುಗಳು ಕೈ ಕೊಯ್ಯುವಷ್ಟು ಚೂಪಾಗಿ ಇರುತ್ತವೆ. ಬರಿಗಾಲಲ್ಲಿ ನಡೆಯುವಾಗ ಮೊದಲು ಪಾದ ಊರಿ, ಆಮೇಲೆ ಭಾರ ಬಿಡಿ. ಮೇಲೆ ತೂಗುವ ಹೆಜ್ಜೇನಿನ ಗೂಡುಗಳು ಇಲ್ಲಿನ ದೊಡ್ಡ ಅಪಾಯ. ಅತ್ತರು, ಹೊಗೆ, ಕಿರುಚಾಟ, ಡ್ರೋನು ಯಾವುದೂ ಬೇಡ. ಹುಳ ಎದ್ದರೆ ಕೈ ಬೀಸದೆ ಮುಖ ಮುಚ್ಚಿಕೊಂಡು ದೂರ ಓಡಿ.

ಯಾಣದಿಂದ ಹೊರಡುವ ಚಂಡಿಹೊಳೆ ಉಪ್ಪಿನಪಟ್ಟಣದಲ್ಲಿ ಅಘನಾಶಿನಿಗೆ ಸೇರುತ್ತದೆ. ಹತ್ತಿರದ ವಿಭೂತಿ ಜಲಪಾತ ಚಿಕ್ಕದು, ಈಜಲು ಆಸೆಯಾಗುವಂಥದ್ದು. ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲೆ ಘಟ್ಟದಲ್ಲಿ ಮಳೆ ಬಿದ್ದಿರಬಹುದು. ತಿಳಿನೀರು ಇದ್ದಕ್ಕಿದ್ದಂತೆ ಕದಡಿದರೆ, ಎಲೆ ಕಡ್ಡಿ ತೇಲಿ ಬಂದರೆ ಆ ಕ್ಷಣವೇ ಮೇಲೆ ಬನ್ನಿ.

ದೇವಿಮನೆ ಘಟ್ಟ ಇಳಿಯುವ ಮೊದಲು ರಸ್ತೆ ತೆರೆದಿದೆಯೇ ಎಂದು ಶಿರಸಿಯಲ್ಲೇ ವಿಚಾರಿಸಿ. ಮಳೆಗಾಲದಲ್ಲಿ ಗುಡ್ಡ ಕಡಿದ ಜಾಗದ ಬುಡದಲ್ಲಿ ಗಾಡಿ ನಿಲ್ಲಿಸಬೇಡಿ, ಚಹಾಕ್ಕೂ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಬದಿಯಲ್ಲಿ ನಿಂತಿದ್ದವರು ಸಿಕ್ಕಿಕೊಂಡರು. ನೀರು ಕುಡಿದು ಭಾರವಾದ ಮಣ್ಣಿಗೆ ಬುಡದ ಆಸರೆ ಇಲ್ಲದಿದ್ದರೆ ಅದು ನಿಲ್ಲುವುದಿಲ್ಲ.

ಈಗ ಅಳಿವೆ, ಅಂದರೆ ಹೊಳೆ ಸಮುದ್ರ ಸೇರುವ ಜಾಗ. ಬಂದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಇದನ್ನು ಬಿಟ್ಟು ನೇರ ಗೋಕರ್ಣಕ್ಕೆ ಹೋಗುತ್ತಾರೆ, ಅದು ನನಗೆ ದೊಡ್ಡ ಸಂಕಟ. 4,801 ಹೆಕ್ಟೇರಿನ ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಮಳೆಗಾಲದಲ್ಲಿ ಇಲ್ಲಿ ಸಿಹಿನೀರು ತುಂಬುತ್ತದೆ, ಬೇಸಿಗೆಯಲ್ಲಿ ಉಪ್ಪುನೀರು ಒಳಗೆ ಬರುತ್ತದೆ. ಈ ಅದಲುಬದಲಿನ ಮೇಲೆಯೇ ಇಲ್ಲಿನ ಬದುಕೆಲ್ಲ ನಿಂತಿದೆ. ಗಜನಿ, ಅಂದರೆ ಅಳಿವೆಯಂಚಿನ ಉಪ್ಪುನೀರಿನ ಗದ್ದೆಯಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುತ್ತದೆ, ಮನುಷ್ಯನ ಎದೆ ಮೀರಿ ಬೆಳೆಯುತ್ತದೆ. ಅಕ್ಟೋಬರ್ ಹೊತ್ತಿಗೆ ಮಾಣಿಕಟ್ಟಾ ಕಡೆ ಹೋದರೆ ಕೊಯ್ಲು ನೋಡಬಹುದು. ತೆನೆ ಮಾತ್ರ ಕೊಯ್ಯುತ್ತಾರೆ, ಹುಲ್ಲು ನೀರಲ್ಲೇ ಕೊಳೆತು ಮೀನು ಸಿಗಡಿಗೆ ಮೇವಾಗುತ್ತದೆ. ಗೊಬ್ಬರ ಹಾಕದೆ ಅನ್ನ, ಮೀನು ಎರಡನ್ನೂ ಒಂದೇ ಗದ್ದೆಯಿಂದ ತೆಗೆಯುವ ಬೇಸಾಯ ಇದು. ಬೇಸಿಗೆಯಲ್ಲಿ ಬಂದರೆ ಸಾಣಿಕಟ್ಟಾದ ಉಪ್ಪಿನ ಆಗರಗಳಿಗೆ ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಝಳ ತಡೆಯಲಾಗುವುದಿಲ್ಲ.

ಬಳಚು (ಚಿಪ್ಪುಮೀನು) ಹೆಕ್ಕುವುದನ್ನು ನೋಡಬೇಕೆಂದರೆ ಇಳಿತದ ಹೊತ್ತೇ ಆಗಬೇಕು. ಲೆಕ್ಕ ಸುಲಭ: ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಇವತ್ತು ಬೆಳಿಗ್ಗೆ 8ಕ್ಕೆ ಇಳಿದಿದ್ದರೆ ನಾಳೆ 9ರ ಸುಮಾರಿಗೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ತೀರಾ ಕೆಳಗಿಳಿಯುತ್ತದೆ, ಅಷ್ಟಮಿಯ ಆಚೀಚೆ ವ್ಯತ್ಯಾಸ ಕಡಿಮೆ. ಅಳಿವೆಯ ಬಾಯಿಗಿಂತ ಒಳಗಿನ ಮಿರ್ಜಾನ ಕಡೆ ಇಳಿತ ತಡವಾಗಿ ಮುಟ್ಟುತ್ತದೆ. ಹಿಂದಿನ ಸಂಜೆ ತದಡಿ ಬಂದರಿನಲ್ಲಿ ಯಾರನ್ನು ಕೇಳಿದರೂ ಸರಿಯಾದ ಹೊತ್ತು ಹೇಳುತ್ತಾರೆ. ಆಗ ದಿಬ್ಬಗಳು ಮೇಲೆದ್ದು, ಹೆಂಗಸರು ಬುಟ್ಟಿ ಹಿಡಿದು ನೀರಿಗಿಳಿಯುತ್ತಾರೆ. ಕಾಲಬೆರಳಲ್ಲೇ ಕೆಸರು ತಡವಿ, ಚಿಪ್ಪು ತಾಗಿದ ಕಡೆ ಬಗ್ಗಿ ಎತ್ತುತ್ತಾರೆ. ಕಾರವಾರದ ಕೊಂಕಣಿ ಮನೆಗಳಲ್ಲಿ ತಿಸ್ರ್ಯೊ ಎನ್ನುವುದು ಇದನ್ನೇ. ಅದು ಅವರ ದುಡಿಮೆ, ಫೋಟೊ ತೆಗೆಯುವ ಮೊದಲು ಕೇಳಿ.

ನೀವಾಗಿ ಕೆಸರಿಗೆ ಇಳಿಯಬೇಡಿ. ಮೇಲೆ ಗಟ್ಟಿ ಕಂಡದ್ದು ಮೊಣಕಾಲವರೆಗೆ ಹೂಳುತ್ತದೆ, ಎಳೆದರೆ ಚಪ್ಪಲಿ ಅಲ್ಲೇ ಉಳಿಯುತ್ತದೆ, ಒಳಗಿನ ಒಡೆದ ಚಿಪ್ಪು ಪಾದ ಸೀಳುತ್ತದೆ. ಕಾಂಡ್ಲಾ ನೋಡಲು ದೋಣಿಯೇ ಸರಿ, ಅದೂ ಉಬ್ಬರದ ಹೊತ್ತಿಗೆ. ಇಳಿತದಲ್ಲಿ ದೋಣಿ ದಿಬ್ಬಕ್ಕೆ ಕೂತರೆ ನೀರು ಮರಳುವವರೆಗೆ ಗಂಟೆಗಟ್ಟಲೆ ಅಲ್ಲೇ ಇರಬೇಕಾಗುತ್ತದೆ.

ಕೊನೆಗೆ ತದಡಿಯಿಂದ ಆಚೆ ದಡದ ಅಘನಾಶಿನಿ ಊರಿಗೆ ಹಾಯ್ದು ಹೋಗಿ. ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ಹತ್ತುವಾಗಲೇ ಕೇಳಿಕೊಳ್ಳಿ, ಚಿಲ್ಲರೆ ಇಟ್ಟುಕೊಳ್ಳಿ. ಮಳೆ ನಿಂತ ಹೊಸತರಲ್ಲಿ, ಇಳಿತದ ಹೊತ್ತಿಗೆ ಆ ದಡದಲ್ಲಿ ನಿಂತರೆ ಹೊಳೆಯ ಕಂದು ನೀರು ಸಮುದ್ರದ ಹಸಿರು ನೀರಿನೊಳಗೆ ಸಾಗುವುದು ಕಾಣುತ್ತದೆ. ಎರಡರ ನಡುವೆ ನೊರೆಯ ಒಂದು ಗೆರೆ. ಶಂಕರಹೊಂಡದ ನೀರು ಸೇರುವುದು ಅಲ್ಲಿಗೆ.